ಫೋನ್ ಕ್ಯಾಮೆರಾದಲ್ಲಿ ಬಾಡಿ ಫ್ಯಾಟ್ ಅಳೆಯೋ ಆ್ಯಪ್‌ಗಳು: ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದೀರಾ?

ಪೀಣ್ಯ ಗೇಜು

ಎಲ್ಲರಿಗೂ ನಮಸ್ಕಾರ. ನಾನು ಫ್ಯಾಕ್ಟರಿಯೊಂದರ ಕ್ವಾಲಿಟಿ ವಿಭಾಗದವನು. ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜು ಇವುಗಳ ಜೊತೆಗೇ ದಿನ ಕಳೆಯುತ್ತೆ. ಹೊಸ ಗೇಜು ಬಂದರೆ ನಾವು ಮೊದಲು ನೋಡೋದು, ಅದೇ ಪೀಸನ್ನ ಮತ್ತೆ ಮತ್ತೆ ಅಳೆದರೆ ಅದೇ ರೀಡಿಂಗ್ ಬರುತ್ತಾ ಅಂತ. ರೀಡಿಂಗ್ ಸರಿಯಾ ತಪ್ಪಾ ಅನ್ನೋದು ಆಮೇಲಿನ ಮಾತು.

ಈಗ ನಮ್ಮ ಆಫೀಸಿನಲ್ಲಿ ಅರ್ಧ ಜನಕ್ಕೆ ಈ ಹುಚ್ಚು ಹಿಡಿದಿದೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದರೆ ಆ್ಯಪ್ "ನಿಮ್ಮ ದೇಹದಲ್ಲಿ ಕೊಬ್ಬು ಇಷ್ಟು ಪರ್ಸೆಂಟ್" ಅಂತ ಪಾಯಿಂಟ್ ಹಾಕಿ ಹೇಳುತ್ತೆ. ಕ್ಯಾಂಟೀನಲ್ಲಿ ಪಂದ್ಯ ಬೇರೆ. ನಾನೂ ಮೂರು ಆ್ಯಪ್ ಹಾಕಿಕೊಂಡೆ. ಹೆಸರು ಬೇಡ, ಅ, ಆ, ಇ ಅಂತಿಟ್ಟುಕೊಳ್ಳೋಣ. ನನ್ನ ವಯಸ್ಸು 40, ಎತ್ತರ 170 ಸೆಂ.ಮೀ., ತೂಕ 72 ಕೆ.ಜಿ. ಒಂದೇ ಬೆಳಗ್ಗೆ, ಒಂದೇ ಚಡ್ಡಿ, ಒಂದೇ ಗೋಡೆ. ಅ ಹೇಳಿದ್ದು ಶೇ. 19.2, ಆ ಹೇಳಿದ್ದು 24.6, ಇ ಹೇಳಿದ್ದು 22.8.

ಟ್ರೈಪಾಡ್ ಮೇಲೆ ಫೋನಿಟ್ಟು, ನೆಲದ ಮೇಲೆ ಕಾಲಿಡೋ ಜಾಗಕ್ಕೆ ಟೇಪ್ ಅಂಟಿಸಿ, ಎದ್ದು ಶೌಚ ಮುಗಿಸಿ ಕಾಫಿಗೆ ಮುಂಚೆ ತೆಗೆದದ್ದು. ಏನೂ ಬದಲಿಸದೆ ಸಾಲಾಗಿ ತೆಗೆದಾಗಲೂ ಅ 18.1ರಿಂದ 20.4ರ ತನಕ ಓಡಾಡಿತು. ‘ಆ’ ಸ್ವಲ್ಪ ವಾಸಿ, 24ರಿಂದ 25.5ರ ಒಳಗೆ. ಇ ಮಾತ್ರ 22.7, 22.8, 22.8, 22.9. ಅಲ್ಲಾಡಲೇ ಇಲ್ಲ.

ಆಮೇಲೆ ಒಂದೊಂದೇ ಬದಲಿಸಿದೆ. ಎರಡೂವರೆ ಮೀಟರ್ ದೂರದಲ್ಲಿದ್ದ ಫೋನನ್ನ 1.2 ಮೀಟರ್‌ಗೆ ತಂದೆ, ಅ 22 ದಾಟಿತು. ಹೊಟ್ಟೆ ಒಳಗೆ ಎಳ್ಕೊಂಡು ನಿಂತೆ, ಅ 16.9ಕ್ಕೆ ಇಳೀತು, ಆ 22.4ಕ್ಕೆ. ರಾತ್ರಿ ಊಟ ಆದ ಮೇಲೆ ಆ 26. ದೊಗಳೆ ಚಡ್ಡಿ ಹಾಕಿದರೆ ಆ ಇನ್ನೂ ಎರಡು ಪಾಯಿಂಟ್ ಏರಿಸುತ್ತೆ. ಇದಕ್ಕೆಲ್ಲ ಇ ಜಗ್ಗಲಿಲ್ಲ.

ಹಾಗಾದರೆ ಇ ಒಳ್ಳೆಯದು ಅಂತ ತೀರ್ಮಾನಕ್ಕೆ ಬರಬಹುದಾ? ನನಗ್ಯಾಕೋ ಅನುಮಾನ. ಡೆಕ್ಸಾ ಸ್ಕ್ಯಾನ್ (ಎಕ್ಸ್‌ರೇ ಬಿಟ್ಟು ದೇಹದ ಕೊಬ್ಬು ಲೆಕ್ಕ ಹಾಕೋ ಪರೀಕ್ಷೆ) ಮಾಡಿಸಿ ಹೋಲಿಸಿದವರು ಇದ್ದರೆ ಹೇಳಿ.

ಹುಬ್ಳಿ ತಾಲೀಮು

ಏನ್ರೀ ಸರ, ಮುಂಜಾನೆ ಎದ್ದು ಚಡ್ಡಿ ಮ್ಯಾಲೆ ಗ್ವಾಡಿ ಮುಂದ ನಿಂತು ಇಷ್ಟೆಲ್ಲಾ ಮಾಡೀರಿ ಅಂದ್ರ ನಿಮಗೊಂದು ನಮಸ್ಕಾರ. ನಾ ಜಿಮ್ ನಡಸ್ತೀನ್ರಿ. ಈ ಆ್ಯಪ್ ಬಂದ ಮ್ಯಾಲೆ ನಮಗ ದಿನಾ ತಲಿಬ್ಯಾನಿ. ಹುಡುಗೂರು ಸ್ಕ್ರೀನ್‌ಶಾಟ್ ಹಿಡಕೊಂಡು ಬರ್ತಾವ, "ಸರ, ಹೋದ ವಾರ 17 ಇತ್ತು, ಈ ವಾರ 19 ಆಗೇತಿ, ನಿಮ್ಮ ವರ್ಕೌಟ್ ಸರಿ ಇಲ್ಲ" ಅಂತ. ಒಂದು ವಾರದಾಗ ಎರಡು ಪಾಯಿಂಟ್ ಕೊಬ್ಬು ಏರಬೇಕಂದ್ರ ಆ ಹುಡುಗ ಏನ್ ತಿಂದಿರಬೇಕು ಹೇಳ್ರಿ.

ನಂದು ಹಳೇ ಪದ್ಧತಿ. ಕ್ಯಾಲಿಪರ್ ಹಿಡಿದು ನಾಕು ಕಡೆ ಚರ್ಮ ಚಿವುಟೋದು. ತೋಳಿನ ಮುಂದ, ತೋಳಿನ ಹಿಂದ, ಬೆನ್ನಾಗ ರೆಕ್ಕಿ ಎಲುಬಿನ ಕೆಳಗ, ಸೊಂಟದ ಎಲುಬಿನ ಮ್ಯಾಲೆ. 1974ರಾಗ ಡರ್ನಿನ್, ವಮರ್ಸ್ಲಿ ಅಂತ ಇಬ್ಬರು ಮಾಡಿಟ್ಟ ಟೇಬಲ್ ಐತಿ, ಅದನ್ನ ನೋಡೋದು. ಪರ್ಸೆಂಟ್ ಬ್ಯಾಡ ಅಂದ್ರ ಬರೇ ಮಿಲಿಮೀಟರ್ ಕೂಡಿಸಿ ಬರ್ದಿಟ್ಟರೂ ಸಾಕು, ಮುಂದಿನ ತಿಂಗಳು ಕಡಿಮಿ ಆತೋ ಇಲ್ಲೋ ಗೊತ್ತಾಗ್ತೈತಿ.

ಆದ್ರ ಒಂದು ಮಾತು. ಕ್ಯಾಲಿಪರ್ ಹಿಡಿಯೋ ಕೈ ಬದಲಾತು ಅಂದ್ರ ಲೆಕ್ಕಾನೂ ಬದಲಾಗ್ತೈತಿ. ನಮ್ಮ ಜಿಮ್ಮಿನಾಗ ನಾನೊಬ್ಬನೇ ಹಿಡಿಯೋದು.

ತೆಳ್ಳಗಿನ ಗುಂಡ

ಇ ಆ್ಯಪ್ ಹೆಸರು ಡಿಎಂ ಮಾಡಿ ಗುರು. ಸ್ಟೇಬಲ್ ಇದೆ ಅಂದ್ರೆ ಅದೇ ಬೆಸ್ಟು.

ಕಡಲತಡಿ ಪಥ್ಯ

ಸ್ವಲ್ಪ ನಿಲ್ಲಿ ಮಾರಾಯ್ರೆ, ಹೆಸರು ಕೇಳುವ ಮೊದಲು ಎಂತ ಅಳೆಯುದು ಅಂತ ನೋಡುವ. ನಾನು ಮಂಗಳೂರಿನಲ್ಲಿ ಡಯಟಿಷಿಯನ್.

ಬದುಕಿರುವ ಮನುಷ್ಯನ ಕೊಬ್ಬನ್ನು ನೇರವಾಗಿ ಅಳೆಯುವ ಸಾಧನ ಯಾವುದೂ ಇಲ್ಲ. ಎಲ್ಲವೂ ಬೇರೆ ಏನನ್ನೋ ಅಳೆದು ಅದರಿಂದ ಕೊಬ್ಬನ್ನು ಲೆಕ್ಕ ಹಾಕುದು. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ 1942ರಲ್ಲಿ ಜನರನ್ನು ನೀರಿನಲ್ಲಿ ಮುಳುಗಿಸಿ ತೂಕ ಮಾಡಿದ್ದು, ದೇಹದ ಸಾಂದ್ರತೆ ತಿಳಿಯಲಿಕ್ಕೆ. ತೂಕ ಜಾಸ್ತಿ ಅಂತ ಸೇನೆಗೆ ಅನರ್ಹರಾಗುತ್ತಿದ್ದ ಫುಟ್‌ಬಾಲ್ ಆಟಗಾರರಲ್ಲಿ ಇದ್ದದ್ದು ಬೊಜ್ಜಲ್ಲ, ಸ್ನಾಯು ಅಂತ ಅವನಿಗೆ ಗೊತ್ತಾದದ್ದು ಹಾಗೆ. ಮನೆಯಲ್ಲಿರುವ ಡಿಜಿಟಲ್ ತೂಕದ ಮೆಷಿನ್ ಪಾದದಿಂದ ಪಾದಕ್ಕೆ ಸಣ್ಣ ಕರೆಂಟ್ ಬಿಟ್ಟು ಅಡ್ಡಿ ಎಷ್ಟು ಅಂತ ನೋಡ್ತದೆ. ಅದು ಹೆಚ್ಚಾಗಿ ಕಾಲಿನ ನೀರಿನ ಕತೆ. ಎರಡು ಗ್ಲಾಸ್ ನೀರು ಕುಡಿದರೆ, ಬೆವರಿದರೆ ಉತ್ತರ ಬೇರೆ. ಡೆಕ್ಸಾ ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಬಿಟ್ಟು ಎಲುಬು, ಕೊಬ್ಬು, ಉಳಿದದ್ದು ಅಂತ ಬೇರೆ ಮಾಡ್ತದೆ. ಅದೂ ದೇವರಲ್ಲ. ಎಲುಬಿನ ಹಿಂದೆ ಮುಂದೆ ಇರುವ ಮಾಂಸದಲ್ಲಿ ಕೊಬ್ಬೆಷ್ಟು ಅಂತ ಅದಕ್ಕೆ ಕಾಣುದಿಲ್ಲ, ಪಕ್ಕದ ಜಾಗ ನೋಡಿ ಊಹಿಸ್ತದೆ. ಬೇರೆ ಬೇರೆ ಕಂಪನಿಯ ಡೆಕ್ಸಾ ಮೆಷಿನ್‌ಗಳ ಉತ್ತರವೂ ಒಂದೇ ಇರುದಿಲ್ಲ. ಆದ್ರೂ ಕೈಗೆ ಸಿಗುವುದರಲ್ಲಿ ಅದೇ ವಾಸಿ.

ಕ್ಯಾಮೆರಾ ಅಂದ್ರೆ ಹೊರಗಿನ ಆಕಾರ ಮಾತ್ರ. ಅನುಭವ ಇರುವ ಟೈಲರ್ ನಿಮ್ಮನ್ನು ನೋಡಿಯೇ "ಸೊಂಟ 36" ಅಂತ ಹೇಳುವ ಹಾಗೆ. ಹೆಚ್ಚಿನ ಸಲ ಸರಿ ಇರ್ತದೆ. ಆದ್ರೆ ಆ 36 ಇಂಚಿನೊಳಗೆ ಎಂತ ಉಂಟು ಅಂತ ಟೈಲರಿಗೆ ಗೊತ್ತಿಲ್ಲ.

ನಮ್ಮವರ ಮಟ್ಟಿಗೆ ಇದು ದೊಡ್ಡ ಪ್ರಶ್ನೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದ್ರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 22.3, ಒಂದೇ. ಡೆಕ್ಸಾದಲ್ಲಿ ಯುಡ್ಕಿನ್ ಕೊಬ್ಬು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2! ಅಂಗಿ ಹಾಕಿ ಪಕ್ಕಪಕ್ಕ ನಿಂತ್ರೆ ಯಾರಿಗೂ ಗೊತ್ತಾಗುದಿಲ್ಲ. ಇದು ಹುಟ್ಟಿನಿಂದಲೇ ಉಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ಅಳೆದು ನೋಡಿದ್ದಾರೆ. ಬ್ರಿಟನ್ನಿನ ಮಕ್ಕಳಿಗಿಂತ ತೂಕ, ತೋಳು, ಹೊಟ್ಟೆ ಎಲ್ಲ ಸಣ್ಣದು, ಆದ್ರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ.

ಹಾಗಾಗಿ ಯಾವುದೇ ಆ್ಯಪ್ ಇರಲಿ, ಅದು ಯಾರ ದೇಹ ನೋಡಿ ಕಲಿತದ್ದು ಅಂತ ಮೊದಲು ಕೇಳಿ.

ಸಿಯಾಟಲ್ ಸಂಪಿಗೆ

ಒಳ್ಳೆ ಚರ್ಚೆ. ಅಮೆಜಾನ್ 2020ರ ಆಗಸ್ಟಿನಲ್ಲಿ ಹೇಲೋ ಅಂತ ಕೈಪಟ್ಟಿ ಬಿಟ್ಟಿದ್ದು ನೆನಪಿದೆಯಾ? ಅದರ ಆ್ಯಪ್‌ನಲ್ಲಿ ಇದೇ ವಿದ್ಯೆ ಇತ್ತು. ಒಳ ಉಡುಪಿನಲ್ಲಿ ನಿಂತು ಮುಂದೆ, ಹಿಂದೆ, ಎರಡೂ ಪಕ್ಕ ಫೋಟೋ. ನಮ್ಮೆಜಮಾನರು ಬಾಗಿಲು ಹಾಕಿಕೊಂಡು ತೆಗೀತಿದ್ದರು, ಮಗಳು ಹೊರಗೆ ನಿಂತು ನಗೋಳು.

ಅದರ ಮೇಲೆ ಸರಿಯಾದ ಅಧ್ಯಯನವೂ ಆಗಿದೆ. 2022ರಲ್ಲಿ ಎನ್‌ಪಿಜೆ ಡಿಜಿಟಲ್ ಮೆಡಿಸಿನ್ ಅನ್ನೋ ಸಂಶೋಧನಾ ಪತ್ರಿಕೆಯಲ್ಲಿ ಬಂತು. 134 ವಯಸ್ಕರನ್ನು ಡೆಕ್ಸಾ ಜೊತೆ ಹೋಲಿಸಿದಾಗ ಸರಾಸರಿ ವ್ಯತ್ಯಾಸ ಸುಮಾರು ಎರಡು ಪಾಯಿಂಟ್ ಅಷ್ಟೇ, ಮನೆಯ ತೂಕದ ಮೆಷಿನ್‌ಗಳಿಗಿಂತ ಚೆನ್ನಾಗಿತ್ತು. ಬರೆದವರಲ್ಲಿ ಅಮೆಜಾನ್‌ನವರೂ ಇದ್ದರು ಅನ್ನೋದನ್ನೂ ಹೇಳಿಬಿಡ್ತೀನಿ. ಆದರೂ ಫೋಟೋ ನೋಡಿ ಹೇಳೋದೆಲ್ಲ ಬುರುಡೆ ಅನ್ನೋ ಹಾಗಿಲ್ಲ.

ಫೋಟೋ ಕ್ಲೌಡ್‌ಗೆ ಹೋಗಿ ಲೆಕ್ಕ ಆದಮೇಲೆ ಅಲ್ಲಿಂದ ಅಳಿಸ್ತೀವಿ ಅಂತ ಕಂಪನಿ ಹೇಳಿತ್ತು. ಆದರೂ 2020ರ ಡಿಸೆಂಬರ್‌ನಲ್ಲಿ ಸೆನೆಟರ್ ಏಮಿ ಕ್ಲೋಬುಷರ್ ಇಲ್ಲಿನ ಆರೋಗ್ಯ ಇಲಾಖೆಗೆ ಇದರ ಬಗ್ಗೆ ಪತ್ರ ಬರೆದಿದ್ದರು. 2023ರಲ್ಲಿ ಹೇಲೋ ಪೂರ್ತಿ ನಿಂತುಹೋಯಿತು.

ಬಿಟ್ಟು ಬೈಟು

ನಾನು ಈ ಕ್ಷೇತ್ರದಲ್ಲೇ, ಕಂಪ್ಯೂಟರ್ ವಿಷನ್‌ನಲ್ಲಿ (ಚಿತ್ರ ನೋಡಿ ಅರ್ಥ ಮಾಡಿಕೊಳ್ಳೋದನ್ನ ಕಂಪ್ಯೂಟರಿಗೆ ಕಲಿಸೋದು) ಕೆಲಸ ಮಾಡೋನು. ಬಾಡಿ ಫ್ಯಾಟ್ ಆ್ಯಪ್ ಮಾಡಿಲ್ಲ, ಬಟ್ಟೆ ಅಳತೆಯ ಪ್ರಾಜೆಕ್ಟಿನಲ್ಲಿದ್ದೆ.

ಒಳಗೆ ಆಗೋದು ಇಷ್ಟು. ಮೊದಲು ಫೋಟೋದಲ್ಲಿ ನೀವು ಯಾವುದು, ಗೋಡೆ ಯಾವುದು ಅಂತ ಬೇರ್ಪಡಿಸುತ್ತೆ. ಉಳಿಯೋದು ಒಂದು ನೆರಳಿನಾಕಾರ. ನೀವು ಟೈಪ್ ಮಾಡಿದ ಎತ್ತರ ಇಟ್ಟುಕೊಂಡು ಒಂದು ಪಿಕ್ಸೆಲ್ ಅಂದರೆ ಎಷ್ಟು ಮಿಲಿಮೀಟರ್ ಅಂತ ಲೆಕ್ಕ. ಮುಂದೆ ಎರಡು ದಾರಿ. ಕೆಲವರು ಮೂರು ಆಯಾಮದ ಬೊಂಬೆಯನ್ನ ಆ ಆಕಾರಕ್ಕೆ ಹೊಂದಿಸಿ ಅದರಿಂದ ಸೊಂಟ, ತೊಡೆ, ಕುತ್ತಿಗೆಯ ಸುತ್ತಳತೆ ತೆಗೀತಾರೆ. ಇನ್ನು ಕೆಲವರು ಡೆಕ್ಸಾ ಮಾಡಿಸಿಕೊಂಡ ಜನರ ಫೋಟೋಗಳ ಮೇಲೆ ನೇರ ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ಕಲಿಯೋ ಸಾಫ್ಟ್‌ವೇರ್) ತರಬೇತಿ ಮಾಡ್ತಾರೆ.

ಗೇಜು ಸರ್, ಫೋನ್ ಹತ್ತಿರ ತಂದಾಗ ಅ ಹಾರಿದ್ದಕ್ಕೆ ಕಾರಣ ಸುಲಭ. ಹೊಟ್ಟೆ ಉಳಿದ ಮೈಗಿಂತ 12 ಸೆಂ.ಮೀ. ಮುಂದಿದೆ ಅಂತಿಟ್ಟುಕೊಳ್ಳಿ. ಕ್ಯಾಮೆರಾ 2.5 ಮೀಟರ್‌ನಲ್ಲಿದ್ದರೆ ಆ ಭಾಗ ಶೇ. 5ರಷ್ಟು ದೊಡ್ಡದಾಗಿ ಬೀಳುತ್ತೆ. 1.2 ಮೀಟರ್‌ಗೆ ತಂದರೆ ಶೇ. 11. ಅದರ ಮೇಲೆ ಫೋನ್ ಸ್ವಲ್ಪ ಬಾಗಿದ್ದರೆ, ವೈಡ್ ಲೆನ್ಸ್ ಆನ್ ಆಗಿದ್ದರೆ ಕೇಳೋದೇ ಬೇಡ. ಗೋಡೆಯ ಬಣ್ಣವೂ ಲೆಕ್ಕಕ್ಕೆ ಬರುತ್ತೆ. ನಮ್ಮ ಮೈಬಣ್ಣಕ್ಕೆ ಹತ್ತಿರದ ಕಂದು ಗೋಡೆ, ಮಂದ ಟ್ಯೂಬ್‌ಲೈಟು ಇದ್ದರೆ ಅಂಚು ಎಲ್ಲಿ ಮುಗೀತು ಅಂತ ಸಾಫ್ಟ್‌ವೇರಿಗೇ ಗೊತ್ತಾಗಲ್ಲ.

ಈಗ ನನ್ನ ಅನುಮಾನ ಇ ಬಗ್ಗೆ. ಹೊಟ್ಟೆ ಎಳ್ಕೊಂಡರೂ ಬದಲಾಗಲ್ಲ, ದೂರ ಬದಲಿಸಿದರೂ ಬದಲಾಗಲ್ಲ. ಒಂದೋ ಅದನ್ನ ಮಾಡಿದವರು ಅಸಾಧ್ಯ ಬುದ್ಧಿವಂತರು, ಇಲ್ಲ ಅದು ಫೋಟೋ ನೋಡ್ತಾನೇ ಇಲ್ಲ. ಎರಡು ಪರೀಕ್ಷೆ ಮಾಡಿ. ಒಂದು, ಅದೇ ಫೋಟೋ ಇಟ್ಟು ತೂಕವನ್ನ ಮಾತ್ರ 77 ಅಂತ ಟೈಪ್ ಮಾಡಿ. ಎರಡು, ನಿಮ್ಮ ವಿವರಗಳನ್ನೇ ಇಟ್ಟು ಬೇರೆ ಯಾರನ್ನಾದರೂ ಕ್ಯಾಮೆರಾ ಮುಂದೆ ನಿಲ್ಲಿಸಿ.

ಪೀಣ್ಯ ಗೇಜು

ಬಿಟ್ಟು ಸರ್, ನಿಮಗೆ ಕಾಲಿಗೆ ಬೀಳಬೇಕು. ಎರಡೂ ಮಾಡಿದೆ.

ತೂಕ 77 ಹಾಕಿದೆ. ಇ ಹೇಳಿದ್ದು 24.9. ಆಮೇಲೆ ನಮ್ಮ ಸ್ಟೋರ್ಸ್‌ನ ಹುಡುಗನನ್ನ ಒಪ್ಪಿಸಿದೆ. ಕಡ್ಡಿ ಪೈಲ್ವಾನ್, ನನಗಿಂತ ಇಪ್ಪತ್ತು ಕೆ.ಜಿ. ಕಡಿಮೆ ಇದ್ದಾನು. ನನ್ನ ವಯಸ್ಸು, ಎತ್ತರ, ತೂಕವನ್ನೇ ಇಟ್ಟು ಅವನ ಫೋಟೋ ತೆಗೆದೆ. ಇ: 22.7. ಅದೇ ಹುಡುಗನಿಗೆ ಅ ಕೊಟ್ಟಿದ್ದು 11, ಆ ಕೊಟ್ಟಿದ್ದು 14. ಅವೆರಡೂ ಕೊನೇಪಕ್ಷ ಕಣ್ಣು ಬಿಟ್ಟು ನೋಡ್ತವೆ.

ಬಿಟ್ಟು ಬೈಟು

ಹಾಗಾದರೆ ಈ ಲೆಕ್ಕ ನೋಡಿ. ಡ್ಯೂರೆನ್‌ಬರ್ಗ್ ಅನ್ನೋರು 1991ರಲ್ಲಿ ಕೊಟ್ಟ ಸೂತ್ರ: 1.2 × ಬಿಎಂಐ + 0.23 × ವಯಸ್ಸು − 5.4, ಗಂಡಸಾದರೆ ಇನ್ನೂ 10.8 ಕಳೀಬೇಕು. ನಿಮ್ಮ ಬಿಎಂಐ 24.9. ಸೂತ್ರಕ್ಕೆ ಹಾಕಿದರೆ 22.9 ಬರುತ್ತೆ. ತೂಕ 77 ಮಾಡಿದರೆ 25.0. ನಿಮ್ಮ ಇ ಹೇಳಿದ್ದೂ ಅದೇ, ಆಚೀಚೆ ಒಂದು ದಶಾಂಶ.

ಅಂದರೆ ಕ್ಯಾಮೆರಾ ಬರೀ ಅಲಂಕಾರ. ಕ್ಯಾಲ್ಕುಲೇಟರಿಗೆ ಫೋಟೋ ತೆಗೆಯೋ ವೇಷ ಹಾಕಿದ್ದಾರೆ. ದಶಾಂಶದಲ್ಲಿ ಆಟ ಆಡಿಸಿರೋದು ನಂಬಿಕೆ ಬರಲಿ ಅಂತ ಇರಬೇಕು.

ತೆಳ್ಳಗಿನ ಗುಂಡ

ಅಯ್ಯೋ. ನಾನು ಒಂದು ವರ್ಷದ ಸಬ್‌ಸ್ಕ್ರಿಪ್ಷನ್ ತಗೊಂಡಾಯ್ತು.

ಹುಬ್ಳಿ ತಾಲೀಮು

ಹ್ಹ ಹ್ಹ. ಹೆಸರು ಹೇಳದಿದ್ರೂ ಹುಡುಕಿ ತಗೊಂಡೀರಲ್ರೀ!

ಕಡಲತಡಿ ಪಥ್ಯ

ಆ ಸೂತ್ರದ ಬಗ್ಗೆ ಇನ್ನೊಂದು ಸಂಗತಿ. ಅದು ಡಚ್ ಜನರ ಮೇಲೆ ಮಾಡಿದ್ದು. ಅದೇ ಡ್ಯೂರೆನ್‌ಬರ್ಗ್ ಆಮೇಲೆ ಏಷ್ಯಾದವರ ಮೇಲೆ ಕೆಲಸ ಮಾಡಿ, ಒಂದೇ ಬಿಎಂಐ ಇದ್ರೂ ಜನಾಂಗದಿಂದ ಜನಾಂಗಕ್ಕೆ ಕೊಬ್ಬು ಬೇರೆ ಇರ್ತದೆ ಅಂತ ತೋರಿಸಿದ್ದು. ಸಿಂಗಾಪುರದಲ್ಲಿ ಚೀನೀಯರು, ಮಲಯರು, ಭಾರತೀಯರನ್ನು ಹೋಲಿಸಿದಾಗ ನಮ್ಮವರದ್ದೇ ಜಾಸ್ತಿ. ನಮಗೆ ಬಿಎಂಐ 23 ದಾಟಿದ್ರೆ ಅಧಿಕ ತೂಕ, 25 ದಾಟಿದ್ರೆ ಬೊಜ್ಜು ಅಂತ ಗೆರೆ ಕೆಳಗೆ ಇಳಿಸಿದ್ದು ಸುಮ್ಮನೆ ಅಲ್ಲ.

ಹಾಗಾಗಿ ಗೇಜು ಅವರೇ, ನಿಮ್ಮ ನಿಜವಾದ ಉತ್ತರ 22.8ಕ್ಕಿಂತ ಮೇಲೆ ಇರಬಹುದು ಅಂತ ನನ್ನ ಅಂದಾಜು. ಡೆಕ್ಸಾ ಮಾಡಿಸುದಾದ್ರೆ "ಇಡೀ ದೇಹದ ಬಾಡಿ ಕಾಂಪೊಸಿಷನ್" ಅಂತ ಕೇಳಿ. ಬರೀ ಡೆಕ್ಸಾ ಅಂದ್ರೆ ಸೊಂಟ ಬೆನ್ನಿನ ಎಲುಬಿನ ಸಾಂದ್ರತೆ ನೋಡಿ ಕಳಿಸ್ತಾರೆ. ವಿಕಿರಣ ಎದೆಯ ಎಕ್ಸ್‌ರೇಗಿಂತ ಕಡಿಮೆ, ಹೆದರುದು ಬೇಡ. ಗರ್ಭಿಣಿಯರು ಮಾತ್ರ ಮಾಡಿಸಬಾರದು.

ಮಲ್ನಾಡ್ ಮಗಳು

ಇಲ್ಲಿ ಎಲ್ಲ ಚಡ್ಡಿ ಹಾಕಿ ನಿಲ್ಲೋ ಗಂಡಸರೇ ಮಾತಾಡ್ತಾ ಇದ್ದೀರಿ, ಹಾಗಾಗಿ ಕೇಳ್ತಿದ್ದೀನಿ. ನಮ್ಮಮ್ಮನಿಗೆ 58. ಸಕ್ಕರೆ ಕಾಯಿಲೆ ಗಡಿಯಲ್ಲಿದೆ, ಡಾಕ್ಟರು ಹೊಟ್ಟೆ ಬೊಜ್ಜು ಕಡಿಮೆ ಮಾಡಿ ಅಂದಿದ್ದಾರೆ. ತಮ್ಮ ಇಂಥದ್ದೊಂದು ಆ್ಯಪ್ ಹಾಕಿಕೊಟ್ಟ. ಮೈಗೆ ಅಂಟೋ ಬಟ್ಟೆ ಹಾಕಿ ಅಂತ ಅದು ಕೇಳುತ್ತೆ. ಅಮ್ಮ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಸೀರೆಯಲ್ಲೇ ನಿಲ್ಲಿಸಿ ತೆಗೆದರೆ 46 ಪರ್ಸೆಂಟ್ ಅಂತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇದಕ್ಕೆ ಬೇರೆ ದಾರಿ ಇಲ್ವಾ?

ಕಡಲತಡಿ ಪಥ್ಯ

ಅಮ್ಮನಿಗೆ ಮೊದಲು ಹೊಟ್ಟೆ ತುಂಬ ಊಟ ಹಾಕಿ ಅಕ್ಕಾ. ಆ 46ರಲ್ಲಿ ನೆರಿಗೆ, ಸೆರಗು, ಲಂಗ ಎಲ್ಲ ಸೇರಿದೆ. ಕ್ಯಾಮೆರಾಕ್ಕೆ ಸೀರೆಯ ಅಂಚೇ ದೇಹದ ಅಂಚು.

ಅವರಿಗೆ ಪರ್ಸೆಂಟ್ ಬೇಡವೇ ಬೇಡ. ಟೈಲರ್ ಟೇಪು ಸಾಕು. ನೀವೇ ಅಳೆಯಿರಿ, ಕೋಣೆಯಲ್ಲಿ ಇಬ್ಬರೇ ಇರುವಾಗ. ಪಕ್ಕೆಲುಬಿನ ಕೊನೆಯ ಎಲುಬು ಕೈಗೆ ಸಿಗ್ತದಲ್ಲ, ಅದಕ್ಕೂ ಸೊಂಟದ ಎಲುಬಿನ ಮೇಲಂಚಿಗೂ ನಡುಮಧ್ಯೆ. ಲಂಗದ ಲಾಡಿ ಕಟ್ಟುವ ಜಾಗ ಅಲ್ಲ, ಹೆಚ್ಚಿನವರಿಗೆ ಅದಕ್ಕಿಂತ ಮೇಲೆ ಬರ್ತದೆ. ಟೇಪು ನೆಲಕ್ಕೆ ಸಮಾನಾಂತರ ಇರಲಿ, ಚರ್ಮಕ್ಕೆ ತಾಗಲಿ, ಒತ್ತಬಾರದು. ಮಾಮೂಲಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. "ಅಮ್ಮ, ಇವತ್ತು ಎಂತ ಪಲ್ಯ" ಅಂತ ಮಾತಾಡಿಸ್ತಾ ಅಳೆದ್ರೆ ಹೊಟ್ಟೆ ಎಳ್ಕೊಳ್ಳುದಿಲ್ಲ. ನಮ್ಮಲ್ಲಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಗೆರೆ. ಎತ್ತರದ ಅರ್ಧಕ್ಕಿಂತ ಸೊಂಟ ಕಡಿಮೆ ಇದ್ರೆ ಒಳ್ಳೆಯದು ಅನ್ನುವ ಲೆಕ್ಕವೂ ಉಂಟು.

ಸಕ್ಕರೆಗೆ ಸಂಬಂಧ ಇರುವುದು ಹೊಟ್ಟೆಯೊಳಗೆ, ಲಿವರಿನ ಸುತ್ತಮುತ್ತ ಕೂರುವ ಕೊಬ್ಬು. ತೊಡೆಯ ಕೊಬ್ಬಿನಿಂದ ಅಷ್ಟು ತೊಂದರೆ ಇಲ್ಲ. ಇಡೀ ದೇಹದ ಪರ್ಸೆಂಟ್ ಎರಡನ್ನೂ ಒಂದೇ ಮಾಡಿಬಿಡ್ತದೆ, ಸೊಂಟದ ಅಳತೆ ಹಾಗೆ ಮಾಡುದಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯಲ್ಲಿ ಒಟ್ಟಾರೆ ಬೊಜ್ಜು ಶೇ. 28.6 ಇದ್ರೆ ಹೊಟ್ಟೆ ಬೊಜ್ಜು ಶೇ. 39.5 ಇತ್ತು. ನಮ್ಮ ದೇಶದ ಸಮಸ್ಯೆ ಎಲ್ಲಿ ಕೂತಿದೆ ನೋಡಿ.

ಬಿಟ್ಟು ಬೈಟು

ಮೇಡಂ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಕ್ಯಾಮೆರಾಕ್ಕೆ ಒಳಗಿನ ಕೊಬ್ಬು ಗೊತ್ತಾಗೋದೇ ಇಲ್ಲ ಅಂತ ಅಲ್ಲ. 2022ರಲ್ಲಿ ಯುಕೆ ಬಯೋಬ್ಯಾಂಕಿನ (ಬ್ರಿಟನ್ನಿನ ಜನರ ಆರೋಗ್ಯ ಮಾಹಿತಿಯ ದೊಡ್ಡ ಸಂಗ್ರಹ) ಸುಮಾರು 40 ಸಾವಿರ ಜನರ ಎಂಆರ್‌ಐ ಚಿತ್ರಗಳಿಂದ ಬರೀ ಮುಂದಿನ, ಪಕ್ಕದ ನೆರಳಿನಾಕಾರ ತೆಗೆದು, ಅಷ್ಟರಿಂದಲೇ ಹೊಟ್ಟೆಯೊಳಗಿನ ಕೊಬ್ಬನ್ನ ಚೆನ್ನಾಗಿ ಅಂದಾಜು ಮಾಡಿದ್ದಾರೆ. ಆಕಾರದಲ್ಲಿ ಮಾಹಿತಿ ಇದೆ.

ಕಡಲತಡಿ ಪಥ್ಯ

ಅದು ಎಂಆರ್‌ಐ ಮೆಷಿನ್ನೊಳಗೆ ಮಲಗಿದ ಜನರ ಆಕಾರ ಅಲ್ವಾ? ಬಟ್ಟೆ ಇಲ್ಲ, ಲೆನ್ಸ್ ಇಲ್ಲ, ಗೋಡೆ ಇಲ್ಲ. ಮತ್ತೆ ಯುಕೆ ಬಯೋಬ್ಯಾಂಕಿನಲ್ಲಿ ಹೆಚ್ಚಿನವರು ಬಿಳಿಯರು. ನಮ್ಮವರ ಮೇಲೆ ಮಾಡಿ ತೋರಿಸಿ, ನಾನೇ ಕ್ಲಿನಿಕ್ಕಿನಲ್ಲಿ ಇಟ್ಟುಕೊಳ್ತೇನೆ.

ಬಿಟ್ಟು ಬೈಟು

ಒಪ್ಪಿದೆ. ನಮ್ಮ ಬೆಂಗಳೂರಿನಲ್ಲೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಂಥ ಕಡೆ ದಶಕಗಳಿಂದ ಬಾಡಿ ಕಾಂಪೊಸಿಷನ್ ಮೇಲೆ ಕೆಲಸ ನಡೆದಿದೆ. ಅಂಥ ಅಳತೆಗಳ ಮೇಲೆ ಕಲಿಸಿದ ಆ್ಯಪ್ ಬಂದರೆ ಆಗ ಮಾತಾಡಬಹುದು.

ಇನ್ನೊಂದು, ಸಂಪಿಗೆ ಮೇಡಂ ಹೇಳಿದ "ಸರಾಸರಿ ಎರಡು ಪಾಯಿಂಟ್" ಬಗ್ಗೆ. ಸರಾಸರಿ ಎರಡು ಅಂದರೆ ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಐದು ಇರಬಹುದು. ಇಂಥ ನೆಟ್‌ವರ್ಕ್‌ಗಳಿಗೆ ಒಂದು ಚಾಳಿ ಇದೆ, ಅನುಮಾನ ಬಂದರೆ ನಡುವಿನ ಉತ್ತರ ಕೊಡೋದು. ಹಾಗಾಗಿ ತೀರಾ ಸಣ್ಣಗಿರೋರಿಗೆ ಜಾಸ್ತಿ ಹೇಳುತ್ತೆ, ತೀರಾ ದಪ್ಪಗಿರೋರಿಗೆ ಕಡಿಮೆ. ಕೋರಿಲೇಷನ್ (ಎರಡು ಅಳತೆ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತೆ ಅನ್ನೋದು) 0.9 ಬಂತು ಅಂತ ಜಾಹೀರಾತಿನಲ್ಲಿ ಹಾಕ್ತಾರಲ್ಲ, ಅದನ್ನ ನಂಬಬೇಡಿ. ಎಲ್ಲರಿಗೂ ಐದು ಪಾಯಿಂಟ್ ಕಡಿಮೆ ಹೇಳೋ ಆ್ಯಪ್‌ಗೂ ಕೋರಿಲೇಷನ್ ಚೆನ್ನಾಗೇ ಬರುತ್ತೆ. ಬ್ಲಾಂಡ್, ಆಲ್ಟ್‌ಮನ್ ಇಬ್ಬರೂ 1986ರಲ್ಲೇ ಲ್ಯಾನ್ಸೆಟ್‌ನಲ್ಲಿ ಈ ಮಾತನ್ನ ಬಿಡಿಸಿ ಹೇಳಿದ್ದಾರೆ.

ಮೌನ ಓದುಗ

ಎಷ್ಟೋ ದಿನದ ಮೇಲೆ ಇಲ್ಲಿ ಬರೀತಿದ್ದೀನಿ. ಉತ್ತರ ಸರಿ ಇರಲಿ ಬಿಡಲಿ, ಏರುತ್ತಾ ಇಳಿಯುತ್ತಾ ಅಂತ ತಿಳಿಯೋಕೆ ಸಾಕಲ್ವಾ? ಗಡಿಯಾರ ಐದು ನಿಮಿಷ ಮುಂದಿದ್ದರೂ ಗಂಟೆ ಗೊತ್ತಾಗುತ್ತಲ್ಲ.

ಪೀಣ್ಯ ಗೇಜು

ಐದು ನಿಮಿಷ ಮುಂದಿದ್ದು ಹಾಗೇ ಇದ್ದರೆ ಸರಿ. ಅದು ಒಮ್ಮೆ ಎರಡು ನಿಮಿಷ ಹಿಂದೆ, ಒಮ್ಮೆ ಆರು ನಿಮಿಷ ಮುಂದೆ ಹೋದರೆ ಬಸ್ಸು ತಪ್ಪುತ್ತೆ.

ಲೆಕ್ಕ ಹಾಕಿ ಹೇಳ್ತೀನಿ. ಡೆಕ್ಸಾದವರು ಒಂದು ನಿಯಮ ಇಟ್ಟುಕೊಂಡಿದ್ದಾರೆ. ಅದೇ ದೇಹವನ್ನ ಮತ್ತೆ ಮತ್ತೆ ಅಳೆದಾಗ ಬರೋ ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನ (ರೀಡಿಂಗ್‌ಗಳು ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನೋ ಅಳತೆ) 2.77ರಿಂದ ಗುಣಿಸಬೇಕು. ಎರಡು ರೀಡಿಂಗ್ ನಡುವೆ ಅಷ್ಟಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಾತ್ರ ನಿಜವಾದ ಬದಲಾವಣೆ ಅನ್ನಬಹುದು. ‘ಆ’ ಅನ್ನೋ ಆ್ಯಪ್‌ನಲ್ಲಿ ಬೇರೆ ಬೇರೆ ಬೆಳಗ್ಗೆ ತೆಗೆದ ನನ್ನ ರೀಡಿಂಗ್‌ಗಳಿಗೆ ಅದು 1.2 ಬಂತು. 2.77ರಿಂದ ಗುಣಿಸಿದರೆ 3.3.

ಈಗ ನನ್ನ ದೇಹ. 72 ಕೆ.ಜಿ.ಯಲ್ಲಿ ಶೇ. 25 ಅಂದರೆ 18 ಕೆ.ಜಿ. ಕೊಬ್ಬು. ತಿಂಗಳಿಡೀ ಬಾಯಿ ಕಟ್ಟಿ, ವಾರಕ್ಕೆ ಅರ್ಧ ಕೆ.ಜಿ.ಯಂತೆ ಎರಡು ಕೆ.ಜಿ. ಕೊಬ್ಬನ್ನೇ ಇಳಿಸಿದೆ ಅಂತಿಟ್ಟುಕೊಳ್ಳಿ. ಆಗ 70ರಲ್ಲಿ 16, ಅಂದರೆ 22.9. ಇಳಿದದ್ದು 2.1 ಪಾಯಿಂಟ್. ಆ್ಯಪ್ ತನ್ನಷ್ಟಕ್ಕೆ ತಾನು 3.3 ಓಡಾಡುತ್ತೆ. ಒಂದು ತಿಂಗಳ ಬೆವರು ಅದರ ಅಲುಗಾಟದೊಳಗೇ ಮುಚ್ಚಿಹೋಯ್ತು. ಮೂರು ತಿಂಗಳಿಗೊಮ್ಮೆ ನೋಡಿದರೆ ಏನಾದರೂ ಕಂಡೀತು. ವಾರ ವಾರ ನೋಡೋದು ಶುದ್ಧ ತಲೆನೋವು.

ಅದೇ ಹೊತ್ತಲ್ಲಿ ಸಾಲಾಗಿ ತೆಗೆದು ಸರಾಸರಿ ಮಾಡಿದರೆ ಫೋಟೋದಿಂದ ಫೋಟೋಗೆ ಬರೋ ಗದ್ದಲ ಕಡಿಮೆಯಾಗುತ್ತೆ. ಹಿಂದಿನ ರಾತ್ರಿ ತಿಂದ ಮುದ್ದೆ ಎಲ್ಲಾ ಫೋಟೋದಲ್ಲೂ ಇರುತ್ತೆ, ಅದಕ್ಕೆ ಸರಾಸರಿ ಮದ್ದಲ್ಲ.

ಹುಬ್ಳಿ ತಾಲೀಮು

ಈ 3.3 ಲೆಕ್ಕ ಜಿಮ್ಮಿನ ಗ್ವಾಡಿ ಮ್ಯಾಲೆ ಬರಸ್ತೀನ್ರಿ ಸರ. ಇನ್ನ ಒಂದು ಕೇಳ್ತೀನಿ, ಟೇಪಿನಾಗ ತೆಗೆಯೋ ಅಮೆರಿಕಾ ನೇವಿ ಲೆಕ್ಕ ಹೆಂಗ? ಕುತ್ತಿಗಿ, ಸೊಂಟ, ಎತ್ತರ. ನಮ್ಮ ಮಂದಿ ಅದನ್ನೂ ಭಾಳ ಹಾಕ್ತಾರ.

ಪೀಣ್ಯ ಗೇಜು

ಅದನ್ನೂ ಮಾಡಿದೆ. 1984ರ ಸೂತ್ರ ಅದು. ಹೊಕ್ಕುಳ ಮಟ್ಟದಲ್ಲಿ ಸೊಂಟ 91, ಕುತ್ತಿಗೆ 38. ಬಂದದ್ದು 22.2. ಟೇಪು ಎರಡು ಸೆಂ.ಮೀ. ಸಡಿಲ ಬಿಟ್ಟು 93 ಓದಿದರೆ 23.6. ಹೊಟ್ಟೆ ಎಳ್ಕೊಂಡು 88 ಮಾಡಿದರೆ 20.1. ಅಂದರೆ ಟೇಪಿಗೂ ಕ್ಯಾಮೆರಾದ ರೋಗವೇ. ಒಂದೇ ವ್ಯತ್ಯಾಸ, ಟೇಪಿನಲ್ಲಿ ತಪ್ಪು ಎಲ್ಲಿ ಆಯ್ತು ಅಂತ ನಮಗೇ ಕಾಣುತ್ತೆ, ಸರಿ ಮಾಡ್ಕೋಬಹುದು. ಪರ್ಸೆಂಟ್ ಮಾಡೋ ಉಸಾಬರಿ ಬಿಟ್ಟು 91 ಅನ್ನೋದನ್ನೇ ಬರೆದಿಟ್ಟರೆ ಆಯ್ತು.

ಸಿಯಾಟಲ್ ಸಂಪಿಗೆ

ಯಾರೂ ಫೋಟೋ ಎಲ್ಲಿಗೆ ಹೋಗುತ್ತೆ ಅಂತ ಕೇಳ್ತಾ ಇಲ್ವಲ್ಲ? ಅರೆಬೆತ್ತಲೆ ಫೋಟೋ ಅದು. ಮುಖ ಮಸುಕು ಮಾಡಿದರೂ ಮನೆ ಗೋಡೆ, ಮಚ್ಚೆ, ಹಚ್ಚೆ ಎಲ್ಲ ಇರುತ್ತೆ.

ಬಿಟ್ಟು ಬೈಟು

ಸುಲಭದ ಪರೀಕ್ಷೆ ಇದೆ. ಫೋನನ್ನ ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಆಫ್ ಇದೆಯಾ ನೋಡಿ, ಆಮೇಲೆ ಫೋಟೋ ತೆಗೀರಿ. ಉತ್ತರ ಬಂದರೆ ಲೆಕ್ಕ ಫೋನಿನಲ್ಲೇ ಆಗ್ತಿದೆ. ಬರಲಿಲ್ಲ ಅಂದರೆ ಫೋಟೋ ಅಥವಾ ಅದರಿಂದ ತೆಗೆದ ಆಕಾರ ಸರ್ವರ್‌ಗೆ ಹೋಗ್ತಿರಬಹುದು. ಉತ್ತರ ಬಂತು ಅಂದ ಮಾತ್ರಕ್ಕೆ ಆಮೇಲೆ ನೆಟ್ ಬಂದಾಗ ಕಳಿಸಲ್ಲ ಅಂತ ಗ್ಯಾರಂಟಿ ಇಲ್ಲ. ಫೋಟೋ ಗ್ಯಾಲರಿಗೆ ಸೇವ್ ಆಗಿ ಅಲ್ಲಿಂದ ಕ್ಲೌಡ್ ಬ್ಯಾಕಪ್‌ಗೆ, ಅಲ್ಲಿಂದ ಮನೆಯ ಟಿವಿಯ ಸ್ಲೈಡ್‌ಶೋಗೆ ಹೋಗೋದನ್ನೂ ನೋಡಿಕೊಳ್ಳಿ. ನಗಬೇಡಿ, ಪರಿಚಯದವರೊಬ್ಬರ ಮನೆಯಲ್ಲಿ ಹಬ್ಬದ ದಿನವೇ ಆಯ್ತು.

ಪೀಣ್ಯ ಗೇಜು

ಫ್ಲೈಟ್ ಮೋಡ್‌ನಲ್ಲಿ ಅ ಉತ್ತರ ಕೊಡ್ತು, ಒಂದಿಷ್ಟು ಹೊತ್ತು ತಿಣುಕಿ. ಆ ಕೊಡಲಿಲ್ಲ. ಇ ಕಣ್ಣು ಮಿಟುಕಿಸೋದರೊಳಗೆ ಕೊಡ್ತು, ಪಾಪ ಅದಕ್ಕೆ ಕೆಲಸವೇ ಇಲ್ಲವಲ್ಲ.

ನಿರ್ವಾಹಕ

ಕೆಲವರು ತಮ್ಮ ಸ್ಕ್ಯಾನ್ ಫೋಟೋಗಳನ್ನು ಇಲ್ಲಿ ಹಾಕಿ "ನೋಡಿ ಹೇಳಿ" ಎಂದು ಕೇಳುತ್ತಿದ್ದಾರೆ. ದಯವಿಟ್ಟು ಹಾಕಬೇಡಿ, ಅಂಥವನ್ನು ತೆಗೆದುಹಾಕಿದ್ದೇವೆ. ಅಂಕಿಗಳನ್ನು ಮಾತ್ರ ಬರೆಯಿರಿ. ಆ್ಯಪ್‌ಗಳ ರೆಫರಲ್ ಕೋಡ್ ಹಂಚಿದರೆ ಖಾತೆ ಬ್ಲಾಕ್ ಆಗುತ್ತದೆ.

ಪೀಣ್ಯ ಗೇಜು

ಡೆಕ್ಸಾ ಮಾಡಿಸಿಕೊಂಡು ಬಂದೆ. ಕೆಲವು ಸಾವಿರ ಖರ್ಚು. ಪಥ್ಯ ಮೇಡಂ ಹೇಳಿದ ಹಾಗೇ ಕೌಂಟರಿನಲ್ಲಿ ಮೊದಲು ಎಲುಬಿನ ಚೀಟಿ ಬರೆಯೋಕೆ ಹೋದರು, ಬಿಡಿಸಿ ಹೇಳಿದ ಮೇಲೆ ಸರಿಹೋಯ್ತು. ಹೊಟ್ಟೆ ಖಾಲಿ ಇರಲಿ, ಲೋಹ ಏನೂ ಬೇಡ ಅಂದರು. ಉಡಿದಾರದ ಬೆಳ್ಳಿ ಬಿಚ್ಚಿಸಿದರು. ಮಂಚದ ಮೇಲೆ ಅಲ್ಲಾಡದೆ ಮಲಗಿದರೆ ಮೇಲೆ ಒಂದು ತೋಳು ನಿಧಾನಕ್ಕೆ ಹಾದುಹೋಗುತ್ತೆ, ಅಷ್ಟೇ.

ಬಂದದ್ದು ಶೇ. 27.1.

ಅದೇ ಬೆಳಗ್ಗೆ ಮನೆಯಲ್ಲಿ ತೆಗೆದದ್ದು: ಅ 19.8, ಆ 25.1, ಇ 22.8, ನೇವಿ ಸೂತ್ರ 22.2. ಎಲ್ಲವೂ ನನ್ನನ್ನ ಹೊಗಳಿವೆ. ‘ಆ’ ಮಾತ್ರ ಎರಡು ಪಾಯಿಂಟಿನ ಒಳಗೆ ಬಂತು ಅನ್ನೋದನ್ನ ಒಪ್ಪಲೇಬೇಕು, ಸಂಪಿಗೆ ಮೇಡಂ. ಆದರೆ ನಾನೊಬ್ಬ. ಅದು ಎಲ್ಲರಿಗೂ ಎರಡು ಪಾಯಿಂಟಿನೊಳಗೆ ಬರುತ್ತೆ ಅಂತ ನನ್ನ ಒಂದು ರಿಪೋರ್ಟಿನಿಂದ ಹೇಳೋಕಾಗಲ್ಲ. ಇನ್ನೂ ಸಣ್ಣಗಿರೋರು, ಹೆಂಗಸರು, ಅರವತ್ತು ದಾಟಿದವರು ಯಾರಾದರೂ ಡೆಕ್ಸಾ ಮತ್ತು ಆ್ಯಪ್ ಎರಡನ್ನೂ ಒಂದೇ ದಿನ ಮಾಡಿಸಿದ್ದರೆ ಅಂಕಿ ಹಾಕಿ, ನಾನು ಒಂದು ಶೀಟ್ ಮಾಡಿಡ್ತೀನಿ.

ರಿಪೋರ್ಟಿನಲ್ಲಿ ಇನ್ನೊಂದಿತ್ತು. ಕೈಕಾಲಿನಲ್ಲಿ ಕೊಬ್ಬು ಅಷ್ಟಿಲ್ಲ, ಎಲ್ಲ ಹೊಟ್ಟೆಯ ಸುತ್ತ. ಮೂರು ಆ್ಯಪ್‌ನಲ್ಲಿ ಒಂದೂ ಇದನ್ನ ಹೇಳಿರಲಿಲ್ಲ.

ಕಡಲತಡಿ ಪಥ್ಯ

ಯಾಜ್ಞಿಕ್ ಅವರ ಪಕ್ಕದಲ್ಲಿ ನಿಮ್ಮ ಫೋಟೋನೂ ಹಾಕಬಹುದು ನೋಡಿ. ತಮಾಷೆ ಬಿಡಿ, ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಪರೀಕ್ಷೆ ಆಗಿದೆಯಾ? ಆಗದಿದ್ರೆ ಡೆಕ್ಸಾಕ್ಕೆ ಕೊಟ್ಟ ದುಡ್ಡಿಗಿಂತ ಕಡಿಮೆಯಲ್ಲಿ ಆಗ್ತದೆ, ಮೊದಲು ಅದು ಮಾಡಿಸಿ.

ಮಲ್ನಾಡ್ ಮಗಳು

ಅಮ್ಮನ ಸೊಂಟ 88 ಬಂತು. ಪಲ್ಯದ ವಿಷಯ ಮಾತಾಡಿಸುತ್ತಲೇ ಅಳೆದೆ, ಬಸಳೆ ಅಂದರು. ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೀನಿ, ಮುಂದಿನ ತಿಂಗಳು ಅದೇ ತಾರೀಕಿಗೆ ಮತ್ತೆ ನೋಡ್ತೀನಿ. ಆ್ಯಪ್ ತೆಗೆದಾಯ್ತು. ಅದರ ಖಾತೆ ಅಳಿಸೋಕೆ ಒಳಗೆ ಬಟನ್ನೇ ಇಲ್ಲ, ಏನು ಮಾಡೋದು?

ಬಿಟ್ಟು ಬೈಟು

ಆ್ಯಪ್ ತೆಗೆದರೆ ಫೋಟೋ ಹೋಗಲ್ಲ. ಪ್ಲೇ ಸ್ಟೋರಿನಲ್ಲಿ ಆ ಆ್ಯಪ್‌ನ ಪುಟದ ಕೆಳಗೆ ಡೇಟಾ ಸುರಕ್ಷತೆಯ ಭಾಗ ಇರುತ್ತೆ, ಅಳಿಸಲು ಕೋರುವ ಲಿಂಕ್ ಇದ್ದರೆ ಅಲ್ಲೇ ಸಿಗುತ್ತೆ. ಇಲ್ಲದಿದ್ದರೆ ಅವರ ಪ್ರೈವಸಿ ಪಾಲಿಸಿಯಲ್ಲಿರೋ ಇಮೇಲ್‌ಗೆ, ನೋಂದಾಯಿಸಿದ ಇಮೇಲಿನಿಂದಲೇ "ಒಪ್ಪಿಗೆ ಹಿಂಪಡೆದಿದ್ದೇನೆ, ನನ್ನ ಚಿತ್ರಗಳು ಮತ್ತು ಅಳತೆಗಳನ್ನು ಅಳಿಸಿ, ಅಳಿಸಿದ್ದಕ್ಕೆ ಉತ್ತರ ಕೊಡಿ" ಅಂತ ಎರಡು ಸಾಲು ಬರೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಹಿಂಪಡೆಯೋದಕ್ಕೂ ಅಳಿಸಿ ಅಂತ ಕೇಳೋದಕ್ಕೂ ಅವಕಾಶ ಇದೆ, ಅದರ ಹೆಸರನ್ನೂ ಹಾಕಿ. ತಮ್ಮನ ಇಮೇಲಿನಲ್ಲಿ ಖಾತೆ ತೆರೆದಿದ್ದರೆ ಅವನ ಕೈಯಲ್ಲೇ ಬರೆಸಿ.